ರಬಾಳೆಯ ಮನೆ, ಮಾಥೆರಾನಿನ ಎರಡು ದಿನ

ಏಪ್ರಿಲ್ 6, 2025, ರವಿವಾರ (ರಾಮನವಮಿ)

ಬೆಳಿಗ್ಗೆ ನವಿ ಮುಂಬಯಿಯ ನಮ್ಮ ಸೊಸೈಟಿಯ ಸಭೆ. ಈ ಮನೆ ಕೊಂಡ ಮೇಲೆ ನಮ್ಮ ಯಜಮಾನರು ಮೊದಲ ಸಲ ಎದ್ದು ನಿಂತು ಮಾತಾಡಿದರು. ನಮ್ಮದು ಕೊನೆಯ ಮಹಡಿ. ಹೋದ ಮಳೆಗಾಲದಲ್ಲಿ ಮಲಗುವ ಕೋಣೆಯ ಛತ್ತಿನಿಂದ ನೀರು ತೊಟ್ಟಿಕ್ಕಿ, ಮಗಳು ಚಿನ್ನಿಯ ಹಾಸಿಗೆಯನ್ನು ಹಾಲಿಗೆ ಎಳೆದುಕೊಂಡು ಮಲಗಿದ್ದೆವು. ಗೋಡೆಯ ಮೂಲೆಯಲ್ಲಿ ಬಿಳಿ ಉಪ್ಪು ಹೂವಿನಂತೆ ಅರಳಿ ನಿಂತಿತ್ತು. ಮಗುವಿಗೆ ಕೆಮ್ಮು ದೀಪಾವಳಿ ಕಳೆದರೂ ಬಿಡಲಿಲ್ಲ.

ಟೆರೇಸಿನ ದುರಸ್ತಿಯ ಖರ್ಚು ಅದರ ಕೆಳಗಿನ ಮನೆಯವರದೇ ಎಂದು ಕೆಲವರು ವಾದಿಸಿದರು. ಇವರು ಓದಿಕೊಂಡೇ ಹೋಗಿದ್ದರು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಬೈಲಾದಲ್ಲಿ ಸ್ಪಷ್ಟವಾಗಿ ಹೇಳಿದೆ: ಮಳೆನೀರಿನ ಸೋರಿಕೆ, ಛಾವಣಿಯ ದುರಸ್ತಿ, ಹೊರಗಿನ ಸಾಮಾನ್ಯ ಪೈಪುಗಳ ಸೋರಿಕೆ ಸೊಸೈಟಿಯ ಖರ್ಚು, ಮನೆಯೊಳಗಿನ ಬಾತ್‌ರೂಮ್, ಸಿಂಕ್‌ಗಳ ಸೋರಿಕೆ ಸದಸ್ಯರ ಖರ್ಚು. ಕಾಗದ ಕೈಯಲ್ಲಿದ್ದರೆ ದನಿ ಏರಿಸಬೇಕಾಗಿಲ್ಲ. ಸಭೆ ಒಪ್ಪಿತು. ಟೆರೇಸು ಸೊಸೈಟಿ ಮಾಡಿಸುತ್ತದೆ, ಒಳಗಿನ ಗಿಲಾವು ಮತ್ತು ಬಣ್ಣ ನಮ್ಮದು.

ಸಂಜೆ ಕೋಸಂಬರಿ, ಪಾನಕ ಮಾಡಿ ನೆರೆಯವರಿಗೂ ಕೊಟ್ಟೆ. ವಾದ ಮಾಡಿದವರ ಮನೆಗೆ ಮೊದಲು ಕಳಿಸಿದೆ. ಒಂದೇ ಮೆಟ್ಟಿಲು ಹತ್ತಿ ಇಳಿಯುವವರು ನಾವು.

ಏಪ್ರಿಲ್ 13, ರವಿವಾರ

ಗುತ್ತಿಗೆದಾರರ ಜೊತೆ ಗೌಂಡಿ ಬಂದರು. ನಾನು ಹಿಂದಿಯಲ್ಲಿ ಕೂತುಕೊಳ್ಳಿ ಎಂದೆ. ಅವರು ಒಳಕೋಣೆಯಲ್ಲಿ ಹಾಡಿಕೊಳ್ಳುತ್ತಿದ್ದ ಚಿನ್ನಿಯ ಕನ್ನಡ ಕೇಳಿ, "ನೀವೂ ನಮ್ಮ ಕಡಿಯವರ ಏನ್ರಿ ಅಕ್ಕಾರ?" ಅಂದರು. ಸಿಂದಗಿ ಕಡೆಯವರಂತೆ. ನಮ್ಮದೂ ವಿಜಯಪುರ ಜಿಲ್ಲೆಯೇ. ಅವರು ಊರಲ್ಲಿ ಮಳೆ ಕೈಕೊಟ್ಟ ವರ್ಷ ಬಂದು ಇಲ್ಲೇ ನಿಂತವರು. ದಿನಾ ಬೆಳಿಗ್ಗೆ ಗುದ್ದಲಿ, ಪುಟ್ಟಿ ಹಿಡಿದು ಕೂಲಿಗಾಗಿ ನಾಕಾದಲ್ಲಿ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರೂ ಇರುತ್ತಾರೆ. ಈ ನಗರದ ಎತ್ತರದ ಕಟ್ಟಡಗಳಲ್ಲಿ ಅವರ ಬೆವರೂ ಇದೆ.

ಅವರು ಸ್ಟೂಲು ಹತ್ತಿ ಸುತ್ತಿಗೆಯ ಹಿಡಿಕೆಯಿಂದ ಛತ್ತನ್ನು ಗೇಣು ಗೇಣಿಗೂ ತಟ್ಟುತ್ತಾ ಹೋದರು. ಗಟ್ಟಿಯಿರುವಲ್ಲಿ ಚುರುಕಾದ ಸದ್ದು, ಗಿಲಾವು ಬಿಟ್ಟಿರುವಲ್ಲಿ ಟೊಳ್ಳು. ಟೊಳ್ಳು ಕೇಳಿದಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿದರು. ಒಂದು ಕಡೆ ಸ್ವಲ್ಪ ಒತ್ತಿದ್ದಕ್ಕೇ ಗಿಲಾವಿನ ಚಕ್ಕೆಯೊಂದು ಕಳಚಿ ಬಿತ್ತು. ಒಳಗೆ ಕಂಬಿ ಕೆಂಪಗೆ ತುಕ್ಕು ಹಿಡಿದು ಪದರು ಪದರಾಗಿತ್ತು.

"ಕಬ್ಬಿಣ ತುಕ್ಕು ಹಿಡದ್ರ ಉಬ್ತದ್ರಿ. ಅದು ಉಬ್ಬಿದ್ರ ಸಿಮೆಂಟ್ ಒಡೀತದ. ಮ್ಯಾಲಿನ ನೀರ ನಿಲ್ಲಸಲಾರ್ದ ಕೆಳಗ ಬಣ್ಣ ಹಚ್ಚಿದ್ರ ರೊಕ್ಕ ಹಾಳ್ರಿ" ಅಂದರು.

ಕೆಲಸದ ಕ್ರಮವನ್ನೂ ಅವರೇ ಬಿಡಿಸಿ ಹೇಳಿದರು. ಮೊದಲು ಟೆರೇಸಿನ ಹಳೆಯ ಕೋಬಾ ಒಡೆಯುವುದು. ಆಮೇಲೆ ಇಟ್ಟಿಗೆ ಚೂರುಗಳನ್ನು ಒತ್ತೊತ್ತಾಗಿ ಜೋಡಿಸಿ, ಸಂದಿಗೆ ಗಾರೆ ತುಂಬಿ, ನೀರು ಪೈಪಿನ ಬಾಯಿಗೆ ಓಡುವಂತೆ ಇಳಿಜಾರು ಕೊಟ್ಟು ಹೊಸ ಕೋಬಾ ಹಾಕುವುದು. ನೆಲ ಮತ್ತು ಮೋಟುಗೋಡೆ ಕೂಡುವ ಮೂಲೆಯಲ್ಲಿ ಗಾರೆಯನ್ನು ದುಂಡಗೆ ತೀಡಿ ವಾಟಾ ಮಾಡುವುದು. ಹೆಚ್ಚಿನ ನೀರು ಇಳಿಯುವುದು ಆ ಮೂಲೆಯಿಂದಲೇ ಅಂತೆ. ಕೆಳಗೆ ಕಂಬಿಯ ತುಕ್ಕನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ಮುಚ್ಚುವುದು. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಊಟಕ್ಕೆ ಕೂರಿಸಿದೆ. ರೊಟ್ಟಿ, ಶೇಂಗಾ ಹಿಂಡಿ ನೋಡಿ ಅವರ ಮುಖ ಅರಳಿತು.

ಏಪ್ರಿಲ್ 30, ಬುಧವಾರ (ಬಸವ ಜಯಂತಿ)

ಅತ್ತೆ ಬಂದು ನಾಲ್ಕು ದಿನವಾಯಿತು. ಹೊಸಪೇಟೆಯಿಂದ ಗದಗ, ವಿಜಯಪುರ, ಸೊಲ್ಲಾಪುರ ದಾಟಿ ಮುಂಬಯಿಗೆ ಬರುವ ಗಾಡಿಯಲ್ಲಿ ಕಲ್ಯಾಣಕ್ಕೆ ಇಳಿದರು. ಅಲ್ಲಿಂದ ಠಾಣೆ, ಠಾಣೆಯಿಂದ ಟ್ರಾನ್ಸ್-ಹಾರ್ಬರ್ ಲೋಕಲ್ ಹಿಡಿದು ರಬಾಳೆ. ಚೀಲದಲ್ಲಿ ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಒಂದು ಸೇರು ಬಿಳಿಜೋಳ.

ಬೆಳಿಗ್ಗೆ ಬಸವಣ್ಣನವರ ಫೋಟೊಗೆ ಹೂವೇರಿಸಿ, ಹೋಳಿಗೆ ಮಾಡಿದರು. ಆಮೇಲೆ ಟೆರೇಸಿಗೆ ಕರೆದುಕೊಂಡು ಹೋದೆ. ಹೊಸ ಕೋಬಾದ ಮೇಲೆ ಪೈಪಿನ ಬಾಯಿ ಮುಚ್ಚಿ, ಸುತ್ತ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಗಾರೆ ಗಟ್ಟಿಯಾಗಲು ನೀರು ಬೇಕು, ಎಲ್ಲಿಯಾದರೂ ಇಳಿಯುತ್ತದೆಯೇ ಎಂಬ ಪರೀಕ್ಷೆಯೂ ಆಗುತ್ತದೆ. ಅತ್ತೆಗೆ ಅದನ್ನು ನೋಡಿ ಸಂಕಟವಾಯಿತು. "ಬ್ಯಾಸಗಿಯೊಳಗ ಇಷ್ಟು ನೀರು ಮಾಳಿಗಿ ಮ್ಯಾಲ!" ಅಂದರು. ಕೊಡ ಹೊತ್ತು ಬದುಕು ಕಳೆದವರು ಅವರು. ನವಿ ಮುಂಬಯಿ ಮಹಾನಗರಪಾಲಿಕೆಗೆ ಖಾಲಾಪುರದ ಹತ್ತಿರ ಮೊರಬೆ ಎಂಬ ಸ್ವಂತ ಅಣೆಕಟ್ಟೇ ಇದೆ ಎಂದು ಹೇಳಿದೆ. "ಇದ್ರೇನಾತು, ನೀರು ನೀರ ಅಲ್ಲೇನು" ಅಂದರು. ಅವರ ಮಾತೇ ಸರಿ. ಪರೀಕ್ಷೆ ಮುಗಿದ ನೀರನ್ನು ಬಕೆಟಿನಲ್ಲಿ ತುಂಬಿ ಗಿಡಗಳಿಗೆ, ಮೆಟ್ಟಿಲು ತೊಳೆಯಲು ಕೊಡಬೇಕೆಂದು ಕಾವಲುಗಾರರಿಗೆ ತಿಳಿಸಿ ಬಂದೆವು.

ಊರ ಮನೆಯ ಮೇಲ್ಮುದ್ದೆಯ ಮಾತು ಬಂತು. ಮೃಗಶಿರ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಏರಿಸಿ, ಹದ ಮಾಡಿ, ತುಳಿದು ಗಟ್ಟಿ ಮಾಡುವ ಕೆಲಸ ವರ್ಷವರ್ಷವೂ ಇದ್ದೇ ಇತ್ತು. ಗಂಡ ಮಣ್ಣು ಹೊತ್ತರೆ ಹೆಂಡತಿ ನೀರು ಚಿಮುಕಿಸುವುದು. "ಮನಿ ಕೆಲಸ ಯಾರ ಮನ್ಯಾಗ ಮುಗದಾವ? ನೀವಿಬ್ರೂ ಎರಡ ದಿನ ಎಲ್ಲೆರ ಹೋಗಿ ಬರ್ರಿ ಯವ್ವಾ. ಕೂಸಿನ್ನ ನಾ ನೋಡ್ಕೋತೀನಿ" ಅಂದರು. ಕೇಳದೆಯೇ ಬಂದ ಮಾತು. ರಾತ್ರಿ ಇವರಿಗೆ ಹೇಳಿದೆ. ಮಾಥೆರಾನ್ ಗಿರಿಧಾಮಕ್ಕೆ ಎಂದು ಆಗಲೇ ನಿಶ್ಚಯವಾಯಿತು.

ಮೇ 3, ಶನಿವಾರ, ಮಾಥೆರಾನ್

ಕತ್ತಲಿರುವಾಗಲೇ ಹೊರಟೆವು. ಠಾಣೆಯಲ್ಲಿ ಕರ್ಜತ್ ಲೋಕಲ್ ಹತ್ತಿದೆವು. ಡೊಂಬಿವಲಿ, ಕಲ್ಯಾಣ, ಬದಲಾಪುರ ದಾಟಿದ ಮೇಲೆ ಗಾಡಿ ಖಾಲಿಯಾಗಿ ಕಿಟಕಿಯಲ್ಲಿ ಗುಡ್ಡ ಕಾಣತೊಡಗಿತು. ನೇರಳದಲ್ಲಿ ಸಾಲಿನಲ್ಲಿ ನಿಂತು ಪುಟ್ಟ ರೈಲಿನ ಟಿಕೆಟು ಪಡೆದೆವು.

ಎರಡು ಅಡಿ ಅಗಲದ ಹಳಿ, 21 ಕಿಲೋಮೀಟರ್ ದಾರಿ, ಎರಡು ಗಂಟೆಗೂ ಮೀರಿದ ಪ್ರಯಾಣ. ಜುಮ್ಮಾಪಟ್ಟಿ, ವಾಟರ್ ಪೈಪ್ ದಾಟಿ ಗುಡ್ಡವನ್ನು ಸುತ್ತಿ ಸುತ್ತಿ ಏರುತ್ತದೆ. ಮುಂಬಯಿಯ ಉದ್ಯಮಿ ಸರ್ ಆದಂಜಿ ಪೀರ್‌ಭಾಯ್ ಅವರ ಹಣದಿಂದ ಮಗ ಅಬ್ದುಲ್ ಹುಸೇನ್ 1904ರಲ್ಲಿ ಶುರುಮಾಡಿ 1907ರಲ್ಲಿ ಮುಗಿಸಿದ ಹಾದಿ ಇದು. 2005ರ ಜುಲೈ ಮಳೆಗೆ ಹಳಿ ಕೊಚ್ಚಿಹೋಯಿತು. 2007ರಲ್ಲಿ ಮತ್ತೆ ಓಡಿತು. 2019ರ ಮಳೆಗೆ ಮತ್ತೆ ಕೆಟ್ಟು 2022ರಲ್ಲಿ ಮತ್ತೆ ಓಡಿತು. ಪ್ರತಿ ಮಳೆಗಾಲದಲ್ಲೂ ಗುಡ್ಡ ಏರುವ ಗಾಡಿ ನಿಲ್ಲುತ್ತದೆ, ಮೇಲೆ ಅಮನ್ ಲಾಜ್‌ನಿಂದ ಊರಿಗೆ ಮಾತ್ರ ಓಡಾಡುತ್ತದೆ. ಹಳಿಯ ಪಕ್ಕದಲ್ಲಿ ಗ್ಯಾಂಗಿನವರು ಜಲ್ಲಿ ಸರಿಪಡಿಸುತ್ತಿದ್ದರು. ನೂರು ವರ್ಷ ದಾಟಿದ ಹಾದಿಗೂ ದುರಸ್ತಿ ಮುಗಿದಿಲ್ಲ.

ಇಲ್ಲಿ ಮೋಟಾರು ವಾಹನ ಇಲ್ಲ. ಕೆಂಪು ಮಣ್ಣಿನ ದಾರಿ, ಕುದುರೆ, ನಡೆಯುವ ಜನ. 2003ರಲ್ಲಿ ಇದನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿದರು. ಈಗ ಕೆಲವು ಇ-ರಿಕ್ಷಾಗಳಷ್ಟೇ ಓಡುತ್ತಿವೆ. ಠಾಣೆ ಜಿಲ್ಲಾಧಿಕಾರಿ ಹ್ಯೂ ಮ್ಯಾಲೆಟ್ 1850ರ ಮೇ ತಿಂಗಳಲ್ಲಿ ಈ ಗುಡ್ಡ ಹತ್ತಿದ್ದರಿಂದ ಬ್ರಿಟಿಷರಿಗೆ ಇದು ತಿಳಿಯಿತು ಎಂದು ಎಲ್ಲ ಪುಸ್ತಕಗಳಲ್ಲೂ ಇದೆ. ಈ ತಿಂಗಳಿಗೆ ಸರಿಯಾಗಿ 175 ವರ್ಷ. ಆದರೆ ಇಲ್ಲಿನವರಿಗೆ ಇದು ಭಾಯಿ ಕೋತವಾಲರ ಊರು. ಇಲ್ಲಿ 1912ರಲ್ಲಿ ಹುಟ್ಟಿ, 1942ರ ಚಳವಳಿಯಲ್ಲಿ ಭೂಗತರಾಗಿ ಹೋರಾಡಿ, 1943ರ ಜನವರಿ 2ರಂದು ಪೊಲೀಸರ ಗುಂಡಿಗೆ ಬಲಿಯಾದವರು. ಅವರ ನೆನಪಿಗೆ ಕೈಮುಗಿದೆವು.

ಮಾರುಕಟ್ಟೆಯ ಏರಿನಲ್ಲಿ ವಯಸ್ಸಾದವರೊಬ್ಬರು ಸಾಮಾನು ತುಂಬಿದ ಕೈರಿಕ್ಷಾದಲ್ಲಿ ಇಬ್ಬರನ್ನು ಕೂರಿಸಿಕೊಂಡು ಎಳೆಯುತ್ತಿದ್ದರು. ಹಿಂದೆ ತಳ್ಳಲು ಇನ್ನೊಬ್ಬರು. ಎಳೆಯುವವರ ಕೊರಳ ನರ ಹಗ್ಗದಂತೆ ಉಬ್ಬಿತ್ತು. ಇವರು ಏನೂ ಮಾತಾಡದೆ ನನ್ನ ಕೈಯ ಚೀಲವನ್ನೂ ತಾವೇ ಹೆಗಲಿಗೆ ಹಾಕಿಕೊಂಡರು.

ಸಂಜೆ ಪಾರ್ಕ್ಯುಪೈನ್ ಪಾಯಿಂಟಿನಲ್ಲಿ ಕೂತಿದ್ದೆವು. ಎದುರಿಗೆ ಪ್ರಬಳಗಡ. ಅದರ ಬೆನ್ನಿಗೆ ಸೂರ್ಯ ಇಳಿಯುತ್ತಿದ್ದ. ಎಷ್ಟು ತಿಂಗಳಿಂದ ನಮ್ಮ ಮಾತೆಲ್ಲ ಟೈಲ್ಸು, ಇಎಂಐ, ಚಿನ್ನಿಯ ಔಷಧ. ಇಲ್ಲಿ ಇವರು ತಾವಾಗಿಯೇ ಹೇಳಿದರು: "ರಾತ್ರಿ ಪಾಳಿ ಇನ್ನ ಬ್ಯಾಡ ಅನಸ್ತದ. ಹಗಲ ಪಾಳಿ ಕೇಳ್ತೀನಿ. ಭತ್ಯೆ ಕಡಿಮಿ ಆಗ್ತದ, ನಡೀತದೇನು?"

"ನಡೀತದರಿ. ಜೂನ್‌ನಾಗ ಚಿನ್ನಿ ಸಾಲಿಗೆ ಹೋಗ್ತಾಳ. ಐರೋಳಿ ಆಫೀಸಿನವರು ಮತ್ತ ಕರದಾರ. ನನಗ ಹೋಗಬೇಕು ಅನಸ್ತದ" ಅಂದೆ.

ಇಬ್ಬರ ಮನಸ್ಸಿನಲ್ಲೂ ಎಷ್ಟೋ ದಿನದಿಂದ ಇದ್ದ ಮಾತು. ಮನೆಯಲ್ಲಿ ಹೇಳಲು ಒಂದು ಸಂಜೆಯೂ ಸಿಕ್ಕಿರಲಿಲ್ಲ.

ಮೇ 4, ರವಿವಾರ

ಬೆಳಿಗ್ಗೆ ಶಾರ್ಲಟ್ ಕೆರೆಯ ದಂಡೆಗೆ ನಡೆದು, ಹತ್ತಿರದ ಪಿಸರನಾಥನ ಗುಡಿಯಲ್ಲಿ ಕಾಯಿ ಒಡೆಸಿದೆವು. ಮರದ ನೆರಳಲ್ಲೇ ಇಡೀ ದಾರಿ. ಮಂಗಗಳಿಗೆ ಹೆದರಿ ಚಿಕ್ಕಿಯ ಪೊಟ್ಟಣವನ್ನು ಇವರು ಅಂಗಿಯೊಳಗೆ ಅಡಗಿಸಿದರು; ನಗು ತಡೆಯಲಾಗಲಿಲ್ಲ. ಕಾಗದ ತೆಗೆದು ತಿಂಗಳ ಲೆಕ್ಕವನ್ನು ಅಲ್ಲೇ ಬರೆದೆವು. ಅಡಿಗೆಮನೆಯ ಟ್ರಾಲಿ ಮುಂದಿನ ವರ್ಷಕ್ಕೆ, ಹಾಲಿನ ಪಿಒಪಿ ಬೇಡವೇ ಬೇಡ, ಕಿಟಕಿಗಳಿಗೆ ಸೊಳ್ಳೆಪರದೆ ಈಗಲೇ. ಮನೆಯಲ್ಲಿ ವಾರಗಟ್ಟಲೆ ಎಳೆದಾಡಿದ ತೀರ್ಮಾನಗಳು ಚಹ ಆರುವುದರೊಳಗೆ ಆದವು.

ರಾತ್ರಿ ಮನೆ ಸೇರಿದಾಗ ಚಿನ್ನಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಮ್ಮನ್ನು ಒಂದು ಸಲವೂ ಕೇಳಲಿಲ್ಲವಂತೆ.

ಮೇ 26, ಸೋಮವಾರ

ಜೂನ್ 11 ಎಂದರೆ ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ. ಈ ಸಲ ಇವತ್ತೇ ಬಂತೆಂದು ಹವಾಮಾನ ಇಲಾಖೆ ಘೋಷಿಸಿದೆ. ಇದಕ್ಕೆ ಮುಂಚಿನ ದಾಖಲೆ 1956ರ ಮೇ 29. ವರಳಿಯ ಹೊಸ ಭೂಗತ ಮೆಟ್ರೋ ನಿಲ್ದಾಣದೊಳಗೂ ನೀರು ನುಗ್ಗಿದ್ದನ್ನು ಟಿವಿಯಲ್ಲಿ ನೋಡಿದೆವು.

ನಮ್ಮ ಟೆರೇಸು ಸಿದ್ಧವಿತ್ತು. ಛತ್ತಿನ ಗಿಲಾವೂ ಮುಗಿದಿತ್ತು. ಉಳಿದದ್ದು ಲಂಬಿ ಎಂಬ ನುಣುಪಿನ ಲೇಪ ಮತ್ತು ಬಣ್ಣ. ಗೌಂಡಿಯವರಿಗೆ ಫೋನ್ ಮಾಡಿದೆ. "ಹಸಿ ಗ್ವಾಡಿಗೆ ಬಣ್ಣ ನಿಲ್ಲೂದಿಲ್ರಿ ಅಕ್ಕಾರ. ದಸರಾ ಆಗಲಿ" ಅಂದರು. ಆಗಲಿ. ಬೂದು ಸಿಮೆಂಟಿನ ಛತ್ತಿನ ಕೆಳಗೇ ಮಲಗುತ್ತೇವೆ, ಒಣಗಿದ್ದರೆ ಸಾಕು.

ಆಗಸ್ಟ್ 19, ಮಂಗಳವಾರ

ಮೂರು ದಿನದಿಂದ ಬಿಡದೆ ಸುರಿಯುತ್ತಿದೆ. ಹಾರ್ಬರ್ ಲೈನಿನ ಗಾಡಿಗಳು ನಿಂತಿವೆ, ಶಾಲೆಗೆ ರಜೆ. ಇವರು ಹಗಲು ಪಾಳಿ, ನಾನು ಮನೆಯಿಂದಲೇ ಆಫೀಸಿನ ಕೆಲಸ. ಮಧ್ಯಾಹ್ನ ಸ್ಟೂಲು ಹತ್ತಿ ಛತ್ತನ್ನು ಅಂಗೈಯಿಂದ ಮುಟ್ಟಿ ನೋಡಿದೆ. ಮೂಲೆಯಲ್ಲೂ ತೇವವಿಲ್ಲ. ಸಿಂದಗಿಯ ಗೌಂಡಿಯವರಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ನನಗಿಂತ ಹೆಚ್ಚು ಸಂತೋಷವಾಯಿತು.

ಇದೇ 6ರಂದು ಸುಪ್ರೀಂ ಕೋರ್ಟು ಮಾಥೆರಾನಿನಲ್ಲಿ ಮನುಷ್ಯರು ಎಳೆಯುವ ರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸಬೇಕು, ಎಳೆಯುವವರಿಗೆ ಇ-ರಿಕ್ಷಾ ಕೊಡುವ ಯೋಜನೆ ಮಾಡಬೇಕು ಎಂದು ಆದೇಶಿಸಿದೆ. ಪತ್ರಿಕೆಯ ತುಣುಕನ್ನು ಇವರು ಕತ್ತರಿಸಿ ಈ ಪುಟಕ್ಕೆ ಅಂಟಿಸಿದರು. ಆ ಹಿರಿಯರ ಹೆಗಲಿಗೆ ಬೇಗ ಬಿಡುವು ಸಿಗಲಿ.

ಅತ್ತೆ ಹೇಳಿದ್ದು ನಿಜ, ಮನೆಯ ಕೆಲಸ ಮುಗಿಯುವುದಿಲ್ಲ. ಬಣ್ಣ ಬಾಕಿ, ಟ್ರಾಲಿ ಬಾಕಿ, ಬಾಲ್ಕನಿಯ ಗ್ರಿಲ್ಲಿಗೆ ಆಗಲೇ ತುಕ್ಕು. ಎಲ್ಲ ಮುಗಿಸಿ ಉಳಿದ ಹಣದಲ್ಲಿ ಹೋಗೋಣ ಎಂದರೆ ಗಂಡ ಹೆಂಡತಿ ಎಲ್ಲಿಗೂ ಹೋಗುವುದಾಗದು. ಇವರ ಪಾಳಿ, ನನ್ನ ಕೆಲಸ ತೀರ್ಮಾನವಾದದ್ದು ಆ ಎರಡು ದಿನದಲ್ಲಿ. ಈ ವರ್ಷ ನಾವು ಮಾಡಿದ ಅತಿ ಉಪಯುಕ್ತ ಖರ್ಚು ಅದೇ. ಮುಂದಿನ ವರ್ಷದ ಖರ್ಚಿನ ಪಟ್ಟಿ ಇವತ್ತು ಬರೆದೆವು. ಮೊದಲ ಸಾಲಿನಲ್ಲಿ ನಮ್ಮಿಬ್ಬರ ಪ್ರವಾಸ, ಎರಡನೆಯದರಲ್ಲಿ ಬಣ್ಣ.