ಬಂದದ್ದಕ್ಕೆ ಚಾರ್ಜು

ನಮ್ಮ ದೊಡ್ಡಪ್ಪನಿಗೆ ಫ್ರಿಜ್ಜೇ ಬೇಕಿರಲಿಲ್ಲ. "ಮಳೆಗಾಲ ಪೂರ್ತಿ ನಮ್ಮ ಮನೆಯೇ ಫ್ರಿಜ್ಜು. ಅದರೊಳಗೆ ಇನ್ನೊಂದು ಯಾಕೆ?" ಅಂತ ದೊಡ್ಡಮ್ಮನ ಬಾಯಿ ಮುಚ್ಚಿಸುತ್ತಿದ್ದರು. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ ಬಸ್ಸಿಳಿದು, ಗದ್ದೆಯಂಚು ಹಿಡಿದು, ಕಾಲುಸಂಕ ದಾಟಿ ಹೋಗಬೇಕಾದ ಮನೆ. ಅಲ್ಲಿನ ಆಷಾಢದ ಮಳೆ ಕಂಡವರು ಅವರ ಮಾತನ್ನು ತೆಗೆದುಹಾಕಲಿಕ್ಕಿಲ್ಲ.

ಅಡಿಕೆಗೆ ಒಳ್ಳೆ ರೇಟು ಸಿಕ್ಕ ಒಂದು ವರ್ಷ ದೊಡ್ಡಮ್ಮ ಗೆದ್ದರು. ಶಿವಮೊಗ್ಗದ ಅಂಗಡಿಯವರೇ ಗಾಡಿ ಮಾಡಿ ಕಳಿಸಿದರು. ಕಾಲುಸಂಕದಿಂದಾಚೆ ಆಳುಗಳು ಹೊತ್ತು ತಂದರು. ಫ್ರಿಜ್ಜಿನ ಬಣ್ಣ ಯಾವುದೆಂದು ಈಗ ನೆನಪಾಗುವುದಿಲ್ಲ. ಹಳೇ ಸೀರೆಯ ಕವರು ಹೊಲಿಸಿ ಹಾಕಿದ್ದರಿಂದ ಬಣ್ಣ ಕಂಡವರೇ ಕಡಿಮೆ. ಬಿಲ್ಲು, ವಾರಂಟಿ ಕಾರ್ಡು ಎರಡೂ ದೊಡ್ಡಪ್ಪನ ಬಿಸ್ಕತ್ ಡಬ್ಬಿ ಸೇರಿದವು. ಆ ಡಬ್ಬಿಯಲ್ಲಿ ಅವರ ಮದುವೆಯ ಜವಳಿ ಬಿಲ್ಲೂ ಇತ್ತು.

ಮೊದಲ ಮಳೆಗಾಲಕ್ಕೇ ಫ್ರಿಜ್ಜು ನಿಂತಿತು. ಲೈನಿನ ಮೇಲೆ ಕೊಂಬೆ ಬಿದ್ದರೆ ಕರೆಂಟೇ ಹೋಗುತ್ತಿತ್ತು, ಬೀಳದಿದ್ದರೆ ವೋಲ್ಟೇಜು ಕುಣಿಯುತ್ತಿತ್ತು. ಸ್ಟೆಬಿಲೈಸರ್ ರಾತ್ರಿಯಿಡೀ ಟಕ್ ಟಕ್ ಅನ್ನುತ್ತಿತ್ತು. ಮನೆಯ ಫೋನು ಮಳೆಗಾಲದಲ್ಲಿ ಸತ್ತೇ ಇರುತ್ತಿದ್ದುದರಿಂದ ದೊಡ್ಡಪ್ಪ ಪೇಟೆಗೆ ಹೋಗಿ ಕಂಪ್ಲೇಂಟ್ ಕೊಟ್ಟು ಬಂದರು. "ವಾರಂಟಿಯಲ್ಲಿದೆ, ಎಲ್ಲ ಫ್ರೀ" ಅಂತ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಯೂ ಬಂದರು.

ಎಷ್ಟೋ ದಿನ ಕಳೆದು ಒಬ್ಬ ಸಣ್ಣ ಹುಡುಗ, ಹೆಗಲಿಗೆ ಟೂಲ್ ಬ್ಯಾಗು, ಗಾಳಿಗೆ ಮಗುಚಿದ ಕೊಡೆ, ಜಗಲಿಗೆ ಬಂದು ನಿಂತ. ಕಾಲ ತುಂಬ ಇಂಬಳ. ಪಾಪ, ಬಯಲುಸೀಮೆಯವನು, ಇಂಬಳ ಕಂಡೇ ಇರಲಿಲ್ಲ. ದೊಡ್ಡಮ್ಮ ಸುಣ್ಣ ಹಚ್ಚಿ ಬಿಡಿಸಿ, ಬೆಲ್ಲದ ಕಾಫಿ ಕೊಟ್ಟು, ಬಿಸಿ ಪತ್ರೊಡೆ ಇಟ್ಟರು. ಅವರ ಪತ್ರೊಡೆಗೆ ಹುಣಸೆ ಒಂದು ಹಿಡಿ ಹೆಚ್ಚೇ ಇರುತ್ತಿತ್ತು. ಕೆಸುವಿನ ತುರಿಕೆಗೆ ಅದೇ ಮದ್ದು. ಹುಣಸೆ ಜಿಪುಣತನ ಮಾಡಿದ ಮನೆಯಲ್ಲಿ ಪತ್ರೊಡೆ ತಿಂದರೆ ಸಂಜೆಯವರೆಗೂ ಗಂಟಲು ಕೆರೆದುಕೊಳ್ಳಬೇಕು. ಇರಲಿ.

ಹುಡುಗ ಹಿಂದಿನ ರಿಲೇ ಬದಲಿಸಿದ. ಫ್ರಿಜ್ಜು ಗುಂಯ್ ಅಂದಿತು. ಆಮೇಲೆ ರಸೀದಿ ಬರೆದ: ಬಿಡಿಭಾಗಕ್ಕೆ ಸೊನ್ನೆ, ಕೂಲಿಗೆ ಸೊನ್ನೆ, ವಿಸಿಟಿಂಗ್ ಚಾರ್ಜು ಇನ್ನೂರೈವತ್ತೋ ಮುನ್ನೂರೋ.

"ಮಾಡಿದ ಕೆಲಸಕ್ಕೆ ದುಡ್ಡಿಲ್ಲ, ಬಂದದ್ದಕ್ಕೆ ದುಡ್ಡಾ ಮಾರಾಯ?"

ಹುಡುಗ ಕಾರ್ಡು ಕೇಳಿದ. ಪಂಚಾಂಗ ನೋಡುವ ಭೂತಗನ್ನಡಿ ಹಿಡಿದು ದೊಡ್ಡಪ್ಪ ಓದಿದರು. ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು: ಸರ್ವಿಸ್ ಸೆಂಟರ್ ಇರುವ ಊರಿನ ಮುನಿಸಿಪಲ್ ಎಲ್ಲೆಯಿಂದ ಹೊರಗಿದ್ದರೆ ಹೋಗಿಬರುವ ಖರ್ಚು ಗ್ರಾಹಕರದು.

"ಮಾರುವಾಗ ಯಾವ ಎಲ್ಲೆಯೂ ಇರಲಿಲ್ಲವಲ್ಲ!" ಅಂತ ದೊಡ್ಡಪ್ಪ ಎದ್ದು ನಿಂತರು. 1986ರಲ್ಲೇ ಗ್ರಾಹಕರ ಕಾನೂನು ಬಂದಿದೆ, ಶಿವಮೊಗ್ಗದ ವೇದಿಕೆಗೆ ಹೋಗುತ್ತೇನೆ ಅಂತಲೂ ಗುಡುಗಿದರು. ನನಗೆ ಇವತ್ತಿಗೂ ಅವರ ಮಾತೇ ಸರಿ ಅನಿಸುತ್ತದೆ. ಸಂಕದಾಚೆ ಫ್ರಿಜ್ಜು ಹೊರಿಸಿ ಕಳಿಸಿದವರಿಗೆ ಆ ಸಂಕ ದಾಟಿ ರಿಪೇರಿಗೆ ಬರಬೇಕಾದೀತು ಅಂತ ಗೊತ್ತಿರಲಿಲ್ಲವೇ? ಈಗಾದರೆ 2019ರ ಕಾಯಿದೆ ಇದೆ. ಕಂಪನಿ ಎಲ್ಲೇ ಇರಲಿ, ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಐದು ಲಕ್ಷದೊಳಗಿನ ಸಾಮಾನಿಗೆ ಶುಲ್ಕವೂ ಇಲ್ಲ. 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ದೊಡ್ಡಪ್ಪ ಇದ್ದಿದ್ದರೆ ಆ ನಂಬರಿನವರಿಗೆ ಬೇರೆ ಕೆಲಸವೇ ಆಗುತ್ತಿರಲಿಲ್ಲ.

ಹುಡುಗ ಮಾತ್ರ ಜಗಳಕ್ಕೆ ಬರಲಿಲ್ಲ. "ನಾನು ಕಂಪನಿಯವನಲ್ಲ ಸರ್, ಸೆಂಟರಿನವನು. ಒಂದು ಕಾಲ್‌ಗೆ ಇಷ್ಟು ಅಂತ ಕಂಪನಿ ಸೆಂಟರಿಗೆ ಕೊಡುತ್ತೆ. ಶಿವಮೊಗ್ಗದೊಳಗೇ ವಿನೋಬನಗರಕ್ಕೆ ಹೋದರೂ ಅಷ್ಟೇ, ಇಲ್ಲಿಗೆ ಬಂದರೂ ಅಷ್ಟೇ. ನೀವು ಕೊಡದಿದ್ದರೆ ನನ್ನ ಕೈಯಿಂದ ಹೋಗುತ್ತೆ."

ದೊಡ್ಡಪ್ಪ ಕೂತರು. ಸುಮಾರು ಹೊತ್ತು ಎಲೆಗೆ ಸುಣ್ಣ ಸವರಿದರು. ಆಮೇಲೆ ನನ್ನನ್ನು ಕರೆದು, "ಕೆಳಗಿನ ಮನೆಯವರ ಮಿಕ್ಸಿ ಹಾಳಾಗಿದೆಯಂತಲ್ಲ, ತರೋಕೆ ಹೇಳು. ಬಂದ ಚಾರ್ಜು ಹೇಗೂ ಕೊಡ್ತಿದ್ದೀವಿ" ಅಂದರು. ಮಿಕ್ಸಿ ಬಂತು, ಅದರ ಹಿಂದೆ ಇಸ್ತ್ರಿಪೆಟ್ಟಿಗೆ, ಯಾರದೋ ಗ್ರೈಂಡರು, ಕಡೆಗೆ ಒಂದು ರೇಡಿಯೋ ಕೂಡ. ಕೊನೇ ಬಸ್ಸು ತಪ್ಪಿ ಹುಡುಗ ಜಗಲಿಯಲ್ಲೇ ಮಲಗಿದ. ಬೆಳಿಗ್ಗೆ ಹೊರಟಾಗ ಅವನ ಜೇಬಿನಲ್ಲಿ ವಿಸಿಟಿಂಗ್ ಚಾರ್ಜಿಗಿಂತ ಹೆಚ್ಚೇ ದುಡ್ಡಿತ್ತು. ಎಲ್ಲ ಮನೆಯವರೂ ಸಣ್ಣಪುಟ್ಟ ಕೊಟ್ಟಿದ್ದರು. ಅಲ್ಲಿಂದ ಮುಂದೆ ನಮ್ಮ ಕಡೆಯ ಕಾಲ್ ಬಂದರೆ, ಇನ್ನೂ ಯಾರದಾದರೂ ಇದೆಯಾ ಅಂತ ಕೇಳಿ, ಒಟ್ಟುಮಾಡಿಕೊಂಡು ಬರುತ್ತಿದ್ದ.

ಕೆಲವು ವರ್ಷ ಕಳೆದು ಕಂಪ್ರೆಸರೇ ಹೋಯಿತು. ಅದಕ್ಕೆ ಐದು ವರ್ಷದ ವಾರಂಟಿ, ಬಾಗಿಲ ಸ್ಟಿಕ್ಕರಿನಲ್ಲೇ ದಪ್ಪಕ್ಷರದಲ್ಲಿತ್ತು. ಅವನೇ ಬಂದ, ಈ ಸಲ ಬೂಟು ಹಾಕಿಕೊಂಡು. ರೊಟ್ಟಿ ತಿನ್ನುತ್ತ ವಿವರಿಸಿದ: ಕಂಪ್ರೆಸರ್ ಫ್ರೀ, ಗ್ಯಾಸು, ಕೂಲಿ, ಬಂದ ಚಾರ್ಜು ಬೇರೆ.

"ಗ್ಯಾಸಿಲ್ಲದೆ ಕಂಪ್ರೆಸರ್ ಏನು ಮಾಡುತ್ತೋ?"

"ಏನೂ ಮಾಡಲ್ಲ ಸರ್" ಅಂದು ಹುಡುಗ ಇನ್ನೊಂದು ರೊಟ್ಟಿಗೆ ಬೆಣ್ಣೆ ಸವರಿಕೊಂಡ.