ಮಾಸ್ತರರ ಮೌನ

ಮಾಸ್ತರರು ಮೃತ್ಯುವಿನ ಬಾಗಿಲಿನಿಂದ ತಿರುಗಿ ಬಂದರೆಂದು ಊರೆಲ್ಲ ಸಂತೋಷಪಟ್ಟಿತು. ರಾಯಬಾಗ ತಾಲೂಕಿನ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದವರು ಅವರು. ಎದೆಯ ಶಸ್ತ್ರಕ್ರಿಯೆ ಮುಗಿಸಿಕೊಂಡು ಮನೆಗೆ ಬಂದ ದಿವಸ ಪಡಸಾಲೆಯಲ್ಲಿ ಕಾಲಿಡಲಿಕ್ಕೆ ಇಂಬಿರಲಿಲ್ಲ. ಅಥಣಿಯಿಂದ ಬೀಗರು ಬಂದರು. ನಿಪ್ಪಾಣಿಯಿಂದ ಮಗಳೂ ಅಳಿಯನೂ ಬಂದರು. ಚಿಕ್ಕೋಡಿ, ಕಾಗವಾಡಗಳಿಂದ ಹಳೆಯ ಶಿಕ್ಷಕ ಮಿತ್ರರು ಬಂದರು. "ಪುನರ್ಜನ್ಮ ಆತ್ರಿ, ಮಾಸ್ತರ" ಎಂದು ಎಲ್ಲರದೂ ಒಂದೇ ಮಾತು. ಮಾಸ್ತರರು ಕೈಮುಗಿದರು, ನಕ್ಕರು. ಬಂದವರೆಲ್ಲ ಹೋದ ಮೇಲೆ, ಎಂಟನೆಯ ದಿನ ಚಹದ ಬಟ್ಟಲು ಹಿಡಿದು ಕುಳಿತವರ ಕಣ್ಣಿನಿಂದ ನೀರು ಸುರಿಯಹತ್ತಿತು. ನೋವೆಂದರೆ ನೋವಿರಲಿಲ್ಲ; ಯಾರೂ ಏನೂ ಅಂದಿರಲಿಲ್ಲ. ಕಾರಣವಿಲ್ಲದೆ ಬಂದ ಆ ಅಳುವೇ ಅವರನ್ನು ಬಹಳ ಅಂಜಿಸಿತು.

ಈ ಭಾಗದ ಜನರಿಗೆ ದೊಡ್ಡ ಬೇನೆಯೆಂದರೆ ಮಿರಜೆ, ಇಲ್ಲವೆ ಬೆಳಗಾವಿ. 1894ರಲ್ಲಿ ವಾನ್ಲೆಸ್ ಎಂಬ ವೈದ್ಯರು ಮಿರಜೆಯಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದಂದಿನಿಂದ ಕೃಷ್ಣೆಯ ಎರಡೂ ದಡದವರು ರೋಗಿಗಳನ್ನು ಅತ್ತ ಒಯ್ಯುತ್ತ ಬಂದವರೇ. ಆದರೆ ಅಂದಿನವರು ಕನಸಿನಲ್ಲಿಯೂ ನೆನೆಯದ ಚಿಕಿತ್ಸೆ ಇದು. 1953ರಲ್ಲಿ ಅಮೇರಿಕೆಯ ಗಿಬ್ಬನ್ನರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ ಶಸ್ತ್ರಕ್ರಿಯೆ ಮಾಡಿದರು. 1967ರಲ್ಲಿ ಫಾವಲೋರೋ ಎಂಬವರು ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಜೋಡಿಸುವ ಬೈಪಾಸ್ ಪದ್ಧತಿಯನ್ನು ರೂಢಿಗೆ ತಂದರು. ಎದೆಯ ನಡುವಿನ ಎಲುವನ್ನು ಉದ್ದಕ್ಕೆ ಕೊಯ್ದು, ಕೆಲಸ ಮುಗಿದ ಮೇಲೆ ತಂತಿಯಿಂದ ಬಿಗಿಯುತ್ತಾರೆ. ಆ ಎಲುವು ಕೂಡಿಕೊಳ್ಳಲಿಕ್ಕೆ ಆರೆಂಟು ವಾರವಾದರೂ ಬೇಕು. ಅಲ್ಲಿಯ ವರೆಗೆ ಭಾರ ಎತ್ತಕೂಡದು, ಮೋಟಾರ ಸೈಕಲ್ ಹತ್ತಕೂಡದು.

ಹೇಳಲಿಕ್ಕೆ ಇವು ಸಣ್ಣ ನಿಯಮಗಳು. ಆದರೆ ಮನುಷ್ಯನ ಮಾನವು ಎಂಥೆಂಥ ಸಣ್ಣ ವಸ್ತುಗಳನ್ನು ಆಶ್ರಯಿಸಿರುತ್ತದೆ! ಬೆಳಗಿನಲ್ಲಿ ಮಾಸ್ತರರು ರೂಢಿಯಂತೆ ನೀರಿನ ಬಕೆಟ್ಟಿಗೆ ಕೈ ಹಚ್ಚಿದರೆ ಹೆಂಡತಿ ಓಡಿ ಬಂದು, "ಬಿಡ್ರಿ, ನಾ ಒಯ್ತೀನಿ" ಎನ್ನುವಳು. ಅವಳ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನಿರಲಿಲ್ಲ; ಅವರಿಗೆ ಕೇಳಿಸಿದ್ದು ಮಾತ್ರ ತೀರ್ಪಿನಂತೆ. ರಾತ್ರಿ ಅಂಗಾತ ಮಲಗಿಯೇ ಇರಬೇಕು, ನಿದ್ದೆ ಹತ್ತದು. ರೊಟ್ಟಿಗೆ ರುಚಿಯಿಲ್ಲ. ವೃತ್ತಪತ್ರದ ಒಂದು ಕಾಲಮ್ಮನ್ನು ಮುಗಿಸುವಷ್ಟರಲ್ಲಿ ಮೇಲಿನದು ಮರೆತಿರುತ್ತಿತ್ತು.

ಒಂದು ಸಂಜೆ ಮೊಮ್ಮಗ ಪಾಟಿ ಹಿಡಿದು ಬಂದು, "ಅಜ್ಜಾ, ಹದಿಮೂರು ಏಳಲೆ ಎಷ್ಟು?" ಎಂದು ಕೇಳಿದ. ಸಾವಿರಾರು ಮಕ್ಕಳ ಬಾಯಿಂದ ಮಗ್ಗಿ ಹೇಳಿಸಿದ ಮಾಸ್ತರರಿಗೆ ಉತ್ತರ ಬರಲಿಲ್ಲ. ಹುಡುಗ ನಕ್ಕು, ತಾನೇ ಬೆರಳೆಣಿಸುತ್ತ ಹೋದ. ಅಂದಿನಿಂದ ಅವರು ಮಾತು ಬಿಟ್ಟರು. ಇಂಥ ಶಸ್ತ್ರಕ್ರಿಯೆಯ ನಂತರ ಕೆಲವರಿಗೆ ಕೆಲವು ವಾರ ಸ್ಮರಣೆಯೂ ಅವಧಾನವೂ ಮಸುಕಾಗುವದುಂಟು, ಬಹಳ ಮಂದಿಯಲ್ಲಿ ಅದು ತಿಳಿಯಾಗುತ್ತದೆ ಎಂಬ ಒಂದು ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಸಂಕಟ ತಪ್ಪುತ್ತಿತ್ತು! ಹೊಲಿಗೆಯನ್ನು ಹೇಗೆ ತೊಳೆಯಬೇಕೆಂದು ಎಲ್ಲರೂ ಹೇಳಿದ್ದರು.

ನೆರೆಯವರಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಧೈರ್ಯ ಸಾಲದು ಎಂದರು ಕೆಲವರು. ಕನ್ನಡದಲ್ಲಿ 'ಎದೆಗುಂದಿದ' ಎಂದರೆ ಅಂಜಿದ ಎಂದೇ ಅರ್ಥ ಮಾಡುವ ರೂಢಿ. ಎದೆಯ ಬೇನೆಯೇ ಮನಸ್ಸನ್ನು ಕುಂದಿಸಬಹುದೆಂಬುದು ಹೊಳೆಯುವದಿಲ್ಲ. ಚರಕಾಚಾರ್ಯರಾದರೋ ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ವಿಷಾದಕ್ಕೇ ಅಗ್ರಸ್ಥಾನ ಕೊಟ್ಟವರು. ಹೆಂಡತಿ ಚಿಂಚಲಿಯ ಮಾಯಕ್ಕನಿಗೆ ಹರಕೆ ಹೊತ್ತಳು, ಅದರೊಡನೆ ಊರ ಡಾಕ್ಟರರನ್ನೂ ಕರೆಸಿದಳು. ಅವಳ ವಿವೇಕ ದೊಡ್ಡದು.

ಡಾಕ್ಟರರು ನಾಡಿ ಹಿಡಿಯುವ ಮೊದಲು ನಿದ್ದೆಯನ್ನು ಕೇಳಿದರು, ಹಸಿವೆಯನ್ನು ಕೇಳಿದರು. ಆ ಮೇಲೆ ಮೆಲ್ಲಗೆ, "ಬದುಕೂದು ಬ್ಯಾಡ ಅನಸ್ತದೇನ್ರಿ?" ಎಂದರು. ಬಹಳ ಹೊತ್ತು ಸುಮ್ಮನಿದ್ದು ಮಾಸ್ತರರು, "ಅಂದ ಮೇಜಿನ ಮ್ಯಾಲೇ ಮುಗಿದಿದ್ರ ಚೊಲೊ ಇತ್ತು ಅನಸ್ತದ್ರಿ" ಎಂದರು. ಬಾಗಿಲ ಮರೆಯಲ್ಲಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರರು ಗಾಬರಿಯಾಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ರೋಗಿಯನ್ನು ಒಂಟಿಯಾಗಿ ಬಿಡಬಾರದೆಂದೂ ಗುಳಿಗೆಗಳನ್ನು ಹೆಂಡತಿಯೇ ಇಟ್ಟುಕೊಳ್ಳಬೇಕೆಂದೂ ಮನೆಯವರಿಗೆ ಹೇಳಿದರು. ಮಾಸ್ತರರಿಗೆ ಲೆಕ್ಕದ ಮಾತಿನಲ್ಲಿಯೇ ತಿಳಿಸಿದರು: 2001ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಬೈಪಾಸ್ ಆದ 309 ಜನರೊಳಗೆ ಐವರಿಗೊಬ್ಬರಂತೆ ತೀವ್ರ ಖಿನ್ನತೆ ಕಂಡಿತು; ಹಾಗೆ ಖಿನ್ನರಾದವರಿಗೆ ಮುಂದಿನ ವರ್ಷದಲ್ಲಿ ಹೃದಯದ ತೊಂದರೆಯೂ ಹೆಚ್ಚಾಯಿತು. ಎರಡು ವಾರ ಮೀರಿದ ಬೇಸರವನ್ನು ಸ್ವಭಾವವೆಂದು ಬಿಡತಕ್ಕದ್ದಲ್ಲ. "ನೀವು ಅಂಜುಬುರುಕರಲ್ರಿ, ಐದರಾಗ ಒಬ್ಬರು" ಎಂಬ ಮಾತು ಮಾಸ್ತರರ ಕಿವಿಯಲ್ಲಿ ನಿಂತಿತು.

ಬೆಳಗಾವಿಯ ಮನೋವೈದ್ಯರಲ್ಲಿಗೆ ಹೋಗಲಿಕ್ಕೆ ಮಾತ್ರ ಅವರು ಹದಿನೈದು ದಿನ ಒಪ್ಪಲಿಲ್ಲ. 'ಹುಚ್ಚರ ಡಾಕ್ಟರ' ಎಂಬ ಹೆಸರೇ ಅಡ್ಡವಾಯಿತು. ಕೊನೆಗೆ ಹೋದದ್ದೂ ಕಣ್ಣಿನ ಪರೀಕ್ಷೆಯೆಂದು ಊರವರಿಗೆ ಹೇಳಿಯೇ. ಅಲ್ಲಿ ಹೃದಯದ ಗುಳಿಗೆಗಳ ಚೀಟಿಯನ್ನು ಮೊದಲು ನೋಡಿದರು, ಖಿನ್ನತೆಯ ಹಳೆಯ ಮಾದರಿಯ ಕೆಲವು ಔಷಧಗಳು ಹೃದ್ರೋಗಿಗೆ ಒಗ್ಗವಾದ್ದರಿಂದ. ಸೆರ್ಟ್ರಲಿನ್ ಎಂಬುದು ಹೃದ್ರೋಗಿಗಳಲ್ಲಿ ನಿರಪಾಯಕರವೆಂದು 2002ರ ಪರೀಕ್ಷೆಯೊಂದರಲ್ಲಿ ಕಂಡುಬಂದಿದೆ, ಅದನ್ನೇ ಕೊಟ್ಟರು. ಗುಣ ಕಾಣಲಿಕ್ಕೆ ಮೂರು-ನಾಲ್ಕು ವಾರ ಬೇಕು, ನಡುವೆ ಬಿಡಬಾರದು ಎಂದೂ ಹೇಳಿದರು.

ಅಮೇರಿಕೆಯ ಪಿಟ್ಸ್‌ಬರ್ಗಿನಲ್ಲಿ ಬೈಪಾಸಿನ ತರುವಾಯ ಖಿನ್ನರಾದ 302 ಜನರ ಮೇಲೆ ನಡೆದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ದಾದಿಯರು ಎಂಟು ತಿಂಗಳು ಟೆಲಿಫೋನಿನಲ್ಲಿ ವಿಚಾರಿಸುತ್ತಿದ್ದವರಲ್ಲಿ ಅರ್ಧ ಜನ ಚೆನ್ನಾಗಿ ಸುಧಾರಿಸಿದರು. ಉಳಿದವರಲ್ಲಿ ನೂರಕ್ಕೆ ಮೂವತ್ತು ಮಾತ್ರ. ನಮ್ಮಲ್ಲಿಯೂ 2022ರ ಅಕ್ಟೋಬರದಿಂದ ಟೆಲಿ ಮಾನಸ್ ಎಂಬ ಸರಕಾರಿ ಸೇವೆ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು. ಮಾಸ್ತರರಿಗೆ ಆ ಕೆಲಸವನ್ನು ಕಾಗವಾಡದ ಮಿತ್ರರೊಬ್ಬರು ಮಾಡಿದರು. ದಿನಾಲು ಆರು ಗಂಟೆಗೆ ಫೋನು. ಕಬ್ಬಿನ ದರ, ಮಳೆ, ಯಾವುದೋ ಹಳೆಯ ಇನ್ಸ್‌ಪೆಕ್ಟರರ ಕಥೆ. ಆರೋಗ್ಯದ ಮಾತೇ ಇಲ್ಲ.

ನಡಿಗೆ ಮೊದಲು ಅಂಗಳದಷ್ಟು, ಆ ಮೇಲೆ ಬಸವಣ್ಣನ ಗುಡಿಯ ವರೆಗೆ, ಮೂರನೆಯ ತಿಂಗಳಿಗೆ ಕಾಲುವೆಯ ವರೆಗೆ ಬೆಳೆಯಿತು. ನಿದ್ದೆ ಬಂತು. ಒಂದು ದಿನ ಮೊಮ್ಮಗನ ಪಾಟಿಯ ಮೇಲಿನ ತಪ್ಪೊಂದನ್ನು ಕೇಳದೆಯೇ ತಿದ್ದಿದರು. ಒಂದೊಂದು ಸಂಜೆ ಈಗಲೂ ಮಬ್ಬು ಕವಿಯುತ್ತದೆ. ಅಂದು, "ಇವತ್ತ ಮನಸ ಸರಿ ಇಲ್ಲ" ಎಂದು ಬಾಯಿಬಿಟ್ಟು ಹೇಳುತ್ತಾರೆ. ಬಕೆಟ್ಟನ್ನು ಹೆಂಡತಿ ಅವರಿಗೆ ಬಿಟ್ಟುಕೊಟ್ಟಿದ್ದಾಳೆ, ಅರ್ಧ ಮಾತ್ರ ತುಂಬಿ.