ಉಸುಕು ಹುರಿದದ್ದು

ಡಿಗ್ರಿ ಮುಗಿಸಿ ಧಾರವಾಡದಿಂದ ಶಿರಗುಪ್ಪಿಗೆ ಬಂದ ವಾರದಲ್ಲೇ ಕಾಕಾ ನನ್ನ ಕೈಗೆ ಸಲಿಕೆ ಕೊಟ್ಟ. "ನೌಕರಿ ಸಿಗೂತನಕ ಉಸುಕು ಹುರಿ" ಅಂದ. ನಮ್ಮ ಮನೆತನದ ಮೊದಲ ಬಿ.ಎ. ನಾನು. ಹುರಿಯಲು ಕೂತೆ.

ಗದಗ ರಸ್ತೆಯ ಬದಿಗೆ ನಾಲ್ಕು ತಗಡು ಹೊದಿಸಿದ್ದೇ ಕಾಕಾನ ಗ್ಯಾರೇಜು. ಹಳೇ ಕಾರು, ಜೀಪು, ವ್ಯಾನುಗಳ ಸೈಲೆನ್ಸರ್ ಪೈಪು ತುಕ್ಕು ತಿಂದು ಉದುರಿದಾಗ ಜನ ಇಲ್ಲಿಗೆ ಬರುತ್ತಾರೆ. ಪೈಪು ಬಗ್ಗಿಸುವ ಹೈಡ್ರಾಲಿಕ್ ಯಂತ್ರ ದೊಡ್ಡವರ ಮಾತು. ಕಾಕಾನಲ್ಲಿರುವುದು ಒಂದು ಕುಲುಮೆ, ಸೈಕಲ್ ಗಾಲಿಗೆ ಬೆಲ್ಟ್ ಹಾಕಿ ತಿರುಗಿಸುವ ಗಾಳಿಪಂಕ, ನೆಲದಲ್ಲಿ ಅರ್ಧ ಹೂತ ಟ್ರ್ಯಾಕ್ಟರ್ ರಿಮ್ಮು.

ಬರೀ ಪೈಪನ್ನು ಬಗ್ಗಿಸಿದರೆ ಒಳಮೈ ಸುಕ್ಕುಗಟ್ಟಿ ಚಪ್ಪಟೆಯಾಗುತ್ತದೆ. ಹೊಗೆಗೆ ದಾರಿ ಸಾಲದೆ ಇಂಜಿನ್ ಏದುಸಿರು ಬಿಡುತ್ತದೆ. ಅದಕ್ಕೇ ಉಸುಕು. ಮೊದಲು ಗಾಡಿಯ ಕೆಳಗೆ ಮಲಗಿ, ಒಂದು ಸಳಿಯನ್ನು ಆಕ್ಸಲ್ ತಪ್ಪಿಸಿ ಬಾಗಿಸಿ ಅಳತೆ ಹಿಡಿಯಬೇಕು. ಆಮೇಲೆ ಒಂದೂವರೆ ಇಂಚಿನ ಪೈಪಿಗೆ ಸಣ್ಣ ಉಸುಕು ತುಂಬಿ, ಬಡಿಬಡಿದು ಕೂಡಿಸಿ, ಎರಡೂ ಬಾಯಿಗೆ ಜಾಲಿಕಟ್ಟಿಗೆಯ ಬೆಣೆ ಜಡಿಯಬೇಕು. ಒಂದು ಬೆಣೆಗೆ ಸಣ್ಣ ತೂತು. ಕೆಂಡದ ಬಣ್ಣ ಬರೋತನಕ ಕಾಸಿ, ರಿಮ್ಮಿಗೆ ಆನಿಸಿ ಎಳೆಯಬೇಕು. ಪೈಪಿನ ಬೆಸುಗೆಯ ಗೆರೆ ಬದಿಗಿರಬೇಕು. ಹೊರಮೈ ಹಿಗ್ಗಿ ತೆಳುವಾಗುತ್ತದೆ, ಗೆರೆ ಅಲ್ಲಿ ಬಂದರೆ ಸೀಳುತ್ತದೆ.

ಎರಡನೇ ದಿನವೇ ನಾನು ಅವಸರ ಮಾಡಿದೆ. ನಮ್ಮದು ಎರಿ ನೆಲ. ಹಳ್ಳದ ಉಸುಕಿನಲ್ಲೂ ಎರಿಮಣ್ಣು ಬೆರೆತಿರುತ್ತದೆ, ಬೇಗ ನೀರು ಬಿಡುವುದಿಲ್ಲ. ಮೇಲೆ ಒಣಗಿದಂತೆ ಕಂಡಿತು, ತುಂಬಿಬಿಟ್ಟೆ. ಬೆಣೆಗೆ ತೂತು ಹಾಕುವುದನ್ನೂ ಮರೆತೆ. ಪೈಪು ಕೆಂಪಾಗುವುದರೊಳಗೆ ತೇವವೆಲ್ಲ ಆವಿಯಾಗಿ ಬೆಣೆ ಗುಂಡಿನಂತೆ ಹಾರಿತು. ನನ್ನ ಕಿವಿಯಿಂದ ಒಂದು ಗೇಣು ದೂರ. ಕಾಕಾ ಬೈಯಲಿಲ್ಲ. "ಚುರುಮುರಿ ಭಟ್ಟಿಯಾಗ ಕಾಸ್ತಾರಲ್ಲ, ಹಂಗ ಹುರೀಬೇಕೋ. ಆರಿದ ಮ್ಯಾಲ ಕೈಯಾಗ ಹಿಡದ್ರ ಸರ್ರಂತ ಜಾರಬೇಕು" ಅಂದ.

ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಮೊದಮೊದಲು ಅಗ್ಗಕ್ಕೆ ಸಿಕ್ಕಿತೆಂದು ನೀರಿನ ಜಿ.ಐ. ಪೈಪು ಕಾಸಿದ್ದನಂತೆ. ಬಿಳಿ ಹೊಗೆ ಎದ್ದಿತು, ರಾತ್ರಿ ಚಳಿಜ್ವರ. ಮನೆಯವರು ಮಲೇರಿಯಾ ಅಂದರು. ಮರುದಿನ ಇಳಿಯಿತು. ಮತ್ತೆ ಕಾಸಿದ, ಮತ್ತೆ ಬಂತು. ಅದು ಸತುವಿನ ಹೊಗೆಯ ಜ್ವರ ಅಂತ ನಾನು ಓದಿ ಹೇಳುವ ಮೊದಲೇ ಅವನ ಮೈ ಓದಿಕೊಂಡಿತ್ತು.

ನಮ್ಮ ಮುತ್ತ್ಯಾ ಊರ ಕುಲುಮೆಯ ತಿದಿಗೆ ಚರ್ಮ ಹದ ಮಾಡಿ ಕೊಟ್ಟವನು. ತಿದಿಯ ಚರ್ಮ ನಮ್ಮದು, ಆದರೆ ಆ ಬೆಂಕಿಯ ಹತ್ತಿರ ಹೋಗುವಂತಿರಲಿಲ್ಲ. ಕುಡುಗೋಲು ಹಣಿಸಿಕೊಳ್ಳಲು ಹೊರಗೇ ನಿಲ್ಲಬೇಕು. ಈಗ ಅವರ ಗಾಡಿಗಳು ನಮ್ಮ ಬೆಂಕಿಗೆ ಬರುತ್ತವೆ. ಕಾಕಾನ ಎದೆ ಮೇಲೆ ತುಕ್ಕು ಉದುರುವಾಗ ಮಾಲೀಕ ಮನೆಯಿಂದ ತಂದ ಬಾಟಲಿಯ ನೀರು ಕುಡಿಯುತ್ತಾನೆ. ನಮ್ಮ ಕೊಡ ಅಲ್ಲೇ ಇರುತ್ತದೆ.

ಅಂಥವನೊಬ್ಬ ಹಳೇ ವ್ಯಾನು ತಂದ. ಪೈಪು ಕೂಡಿಸಿದ್ದಾಯಿತು. ಕಾಕಾ ಇಂಜಿನ್ ಶುರು ಮಾಡಿಸಿ, ಪೈಪು ಕಾಯುವ ಮೊದಲೇ ತುದಿಗೆ ಹಸಿ ಗೋಣಿಚೀಲ ಒತ್ತಿ ಹಿಡಿಯಲು ನನಗೆ ಹೇಳಿ, ಜೋಡಣೆಗಳಿಗೆ ಸಾಬೂನು ನೀರು ಸವರಿದ. ಸೀಟಿನ ಕೆಳಗಿನ ಬೆಸುಗೆಯಲ್ಲಿ ಒಂದು ಗುಳ್ಳೆ. ಮಾಲೀಕ, "ಇರ್ಲಿ ಬಿಡೋ, ಹೊತ್ತಾತು" ಅಂದ. ನಾನೂ ಬಿಡು ಅಂದೆ. ಕಾಕಾ ಬಿಡಲಿಲ್ಲ. ಅಲ್ಲಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಜು ಏರಿಸಿ ಮಲಗಿದವರು ಏಳದೇ ಹೋಗಬಹುದು. ಬಿಚ್ಚಿ ಮತ್ತೆ ಬೆಸೆದ. ಮಾಲೀಕ, "ಒಂದ್ ಪೈಪ್ ಬಗ್ಗಸಾಕ ಇಷ್ಟ್ ರೊಕ್ಕ ಏನೋ?" ಎಂದು ಅರ್ಧ ಕೊಟ್ಟು ಹೋದ.

"ಅವನ ಗಾಡಿಗ್ಯಾಕ ಅಷ್ಟ್ ಜೀವಾ ತೇಯ್ತಿ?" ಎಂದು ರೇಗಿದೆ.

"ಅದರಾಗ ಕುಂದ್ರೋ ಹುಡುಗೂರು ನಮ್ಮ ಕೊಡದ ನೀರು ಬ್ಯಾಡ ಅಂದಿಲ್ಲಲೋ ಇನ್ನಾ."

ಅವನ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕೆಲಸ ಪೂರಾ, ಕೂಲಿ ಅರ್ಧ: ಇದನ್ನು ಒಳ್ಳೆಯತನ ಅಂತ ಕರೆಯಲು ನಾನು ತಯಾರಿಲ್ಲ. ಮಾರನೇ ದಿನ ಆ ಮನೆಯ ಬಾಗಿಲಿಗೆ ಹೋಗಿ ಉಳಿದದ್ದನ್ನು ಕೇಳಿದೆ. ಮುಂದಿನ ವಾರ ಬಾ ಅಂದರು. ಮೂರು ಸಲ ಹೋಗಿದ್ದೇನೆ, ಇನ್ನೂ ಹೋಗುತ್ತೇನೆ.

ಅದೇ ಸಿಟ್ಟಿನಲ್ಲಿ ಬೆಂಕಿ, ಕಬ್ಬಿಣ ಅಂತ ಒಂದು ಕವಿತೆ ಬರೆದು ರಾತ್ರಿ ಕಾಕಾನಿಗೆ ಓದಿದೆ. ಬೀಡಿ ಮುಗಿಯುವ ತನಕ ಕೇಳಿದ.

"ಛಲೋ ಐತಿ. ಉಸುಕು ಹುರಿಯೋದು ಎಲ್ಲೂ ಬರಲಿಲ್ಲಲ್ಲ?"